ಅರಬಾಳ ಪೌಡರು ಡಬ್ಬಿ

ಕಡಲ ದಂಡೆಯ ನಮ್ಮ ಊರು ಸಾಲ್ಟ್‌ಪಾಂಡ್‌ನಲ್ಲಿ ಹೊಲಿಗೆ ಕಲಿತ ಹುಡುಗಿಯ ಕತ್ತಿಗೆ, ಹೆಗಲಿಗೆ, ಕಲಿಸಿದ ಮೇಡಂ ತನ್ನ ಕೈಯಾರೆ ನಾಲ್ಕು ಜನರ ಮುಂದೆ ಬಿಳಿ ಪೌಡರು ಸುರಿಯಬೇಕು. ಅದೇ ಬಿಡುಗಡೆ. ಅದಾಗದೆ ಎಷ್ಟು ಚೆನ್ನಾಗಿ ಹೊಲಿದರೂ ಸ್ವಂತ ಬೋರ್ಡು ಹಾಕುವ ಹಾಗಿಲ್ಲ, ಹೊಲಿಗೆ ಹೆಂಗಸರ ಸಂಘದವರು ಬಂದು ಕಿತ್ತೆಸೆಯುತ್ತಾರೆ. ಎಸಾಬಾ ಮೇಡಂ ಹತ್ತಿರ ಹೊಲಿಗೆ ಕಲಿಯುತ್ತಿದ್ದ ಅರಬಾ, ಆ ದಿನಕ್ಕೆಂದು ಪೌಡರಿನ ಡಬ್ಬಿಯನ್ನು ಮೊದಲೇ ಕೊಂಡು ಮೆಷಿನ್ನಿನ ಕೆಳಗೆ ಬಚ್ಚಿಟ್ಟಿದ್ದಳು.

ಅವಳಪ್ಪ ದೋಣಿಯಲ್ಲಿ ಹೋದವನು ತಿರುಗಿ ಬರಲಿಲ್ಲ. ತಾಯಿ ಮೀನು ಹೊಗೆಗಿಡುತ್ತಾ ಎದೆಯೆಲ್ಲ ಹೊಗೆ ತುಂಬಿಕೊಂಡಿದ್ದಳು. ಬೇರೆ ಮೇಡಂಗಳು ಕಲಿಯಲು ಬಂದ ಹುಡುಗಿಯರ ಕೈಲಿ ನೀರು ಹೊರಿಸಿ, ಮಗು ಎತ್ತಿಸಿ, ಕೊನೆಗೆ ಗುಂಡಿ ಹಚ್ಚುವುದನ್ನಷ್ಟೇ ಕಲಿಸುತ್ತಿದ್ದರು. ಎಸಾಬಾ ಮೇಡಂ ಹಾಗಲ್ಲ. ಬಾಯಿ ಮಾತ್ರ ಕತ್ತರಿ.

"ಈ ತೋಳು ಯಾರಿಗೆ ಹೊಲ್ದಿದ್ದೀಯೆ ಅರಬಾ? ಮನುಷ್ಯರಿಗೋ ಏಡಿಗೋ?"

"ಏಡಿ ಆಗಿದ್ರೆ ಅಳತೆಗೆ ನಿಲ್ತಿರ್ಲಿಲ್ಲ ಮೇಡಂ."

"ಬಾಯಿಗೂ ಒಂದು ಹೊಲಿಗೆ ಹಾಕ್ತೀನಿ ನೋಡು. ಬಿಚ್ಚು ಅದನ್ನ."

ಬಿಚ್ಚಿ ಮತ್ತೆ ಹೊಲಿದದ್ದಕ್ಕೂ ಮೇಡಂ ಕೂಲಿ ಕೊಡುತ್ತಿದ್ದಳು. ಒಂದು ದಿನ ಇಬ್ಬರೇ ಇದ್ದಾಗ, "ಪೌಡರು ಬಿದ್ಮೇಲೆ ಎಲ್ಲಿಗೂ ಹೋಗ್ಬೇಡ. ಕಿಟಕಿ ಹತ್ರದ ಮೆಷಿನ್ ನಿಂದು. ನೀನು ದುಡಿದಿದ್ರಲ್ಲಿ ಅರ್ಧ ನಿಂಗೆ" ಎಂದಳು. ಇಬ್ಬರೇ ಇದ್ದಾಗ ಆಡಿದ ಮಾತು, ಅದೇ ಮುಂದೆ ತೊಡಕಾಯಿತು.

ಅರಬಾಳ ಬಿಡುಗಡೆಯ ದಿನ ತಾನು ತೊಡಲೆಂದು ಮೇಡಂ ಬಿಳಿ ಲೇಸಿನ ಬಟ್ಟೆ ಕತ್ತರಿಸಿ ಅರಬಾಳ ಕೈಗೇ ಹೊಲಿಯಲು ಕೊಟ್ಟಳು. "ಇದೇ ನಿನ್ನ ಪರೀಕ್ಷೆ. ಕತ್ತಿನ ಹತ್ರ ಸುಕ್ಕು ಬಂತೋ, ಇನ್ನೊಂದು ವರ್ಷ ಕಸ ಗುಡಿಸ್ತೀಯ."

ಸುಕ್ಕು ಬರಲಿಲ್ಲ. ಮೇಡಂ ತೊಟ್ಟು ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿ ಏನೂ ಬೈಯಲಿಲ್ಲ. ಅರಬಾಳಿಗೆ ಅಷ್ಟು ಸಾಕಾಗಿತ್ತು.

ಆ ವಾರವೇ, ಪೌಡರು ಬೀಳುವ ಮೊದಲೇ, ಮಧ್ಯಾಹ್ನ ಮೆಕ್ಕೆಜೋಳದ ಕೆಂಕಿ ಉಂಡೆ, ಹುರಿದ ಮೀನು ತಿಂದು ಕೈ ತೊಳೆಯಲು ಎದ್ದ ಮೇಡಂ ಮೇಜಿನ ಮೇಲಿನ ಬಟ್ಟೆಗಳ ಮೇಲೇ ಕುಸಿದಳು. ಆಸ್ಪತ್ರೆ ತಲುಪುವ ಮೊದಲೇ ಎಲ್ಲ ಮುಗಿದಿತ್ತು.

ಮೇಡಂನ ಅಣ್ಣ ಎಬೋ ಬಂದು, "ಹೊಸ ಬಟ್ಟೆ ಇದ್ಯಲ್ಲ, ಅದನ್ನೇ ಹಾಕಿ ಮಲಗಿಸಿ" ಎಂದ. ಹೆಣದ ಕೈ ಬಗ್ಗುವುದಿಲ್ಲ. ಉಡುಪಿನ ಬೆನ್ನನ್ನು ಉದ್ದಕ್ಕೆ ಸೀಳಿ ಮುಂದಿನಿಂದ ತೊಡಿಸಬೇಕು. ಹೆಣ ತೊಳೆಯುವ ಮುದುಕಿ ಎಫಿಬಾ ಕತ್ತರಿ ಎತ್ತಿಕೊಂಡಳು.

"ಕೊಡಿ ಅಜ್ಜಿ, ನಾನೇ ಕತ್ತರಿಸ್ತೀನಿ" ಎಂದಳು ಅರಬಾ.

"ನೀನೇ ಹೊಲ್ದಿದ್ದಲ್ವೇನೆ ಮಗಳೆ?"

"ನೀವು ಅಂಕುಡೊಂಕು ಕತ್ತರಿಸಿದ್ರೆ ಅವ್ರು ಎದ್ದು ಬೈತಾರೆ."

ಕತ್ತರಿ ಕೆಳಗಿನಿಂದ ನೆಟ್ಟಗೆ ಬಂತು. ಕತ್ತಿನ ಪಟ್ಟಿಯ ಹತ್ತಿರ ಒಂದು ಗಳಿಗೆ ನಿಂತಿತು. ಆಮೇಲೆ ಅದನ್ನೂ ದಾಟಿತು.

ತೊಡಿಸಿ ಮುಗಿದ ಮೇಲೆ ಮುದುಕಿ ಹೆಣದ ಕತ್ತಿಗೆ ಹಚ್ಚಲು ಪೌಡರು ಕೇಳಿದಳು. ಮನೆಯಲ್ಲಿ ಇರಲಿಲ್ಲ. ಅರಬಾ ಹೊಲಿಗೆ ಅಂಗಡಿಗೆ ಹೋಗಿ ಮೆಷಿನ್ನಿನ ಕೆಳಗಿದ್ದ ತನ್ನ ಡಬ್ಬಿ ತಂದಳು. ಮುದುಕಿ ಮುಚ್ಚಳ ತೆಗೆದು ಅವಳ ಮುಖ ನೋಡಿದಳು.

"ಇದು ನಿನ್ನ ಬಿಡುಗಡೆಗೆ ತಂದಿದ್ದಲ್ವೇನೆ? ಬಾ ಇಲ್ಲಿ, ನಿನ್ನ ಮೇಡಂ ಹೆಸರು ಹೇಳಿ ನಾನೇ ಒಂಚೂರು ಹಚ್ತೀನಿ."

"ಬೇಡ ಅಜ್ಜಿ. ಸಂಘದವ್ರು ನಗ್ತಾರೆ. ಎಲ್ಲಾ ಅವ್ರಿಗೇ ಹಾಕಿ."

ಮಣ್ಣು ಮಾಡಿದ ಮೇಲೆ ಅರಬಾ ಮೇಡಂ ಕೊಟ್ಟ ಮಾತು ಹೇಳಿ ಎಬೋನ ಹತ್ತಿರ ಕಿಟಕಿಯ ಮೆಷಿನ್ನು ಕೇಳಿದಳು. "ಅವಳು ಹೇಳಿದ್ದಳಾ? ಹಾಗಾದ್ರೆ ಅವಳನ್ನೇ ಕರ್ಕೊಂಡು ಬಾ, ಹೇಳ್ಲಿ" ಎಂದ. ಮೆಷಿನ್ನುಗಳು ಲಾರಿ ಹತ್ತಿದವು. ಸಂಘದ ಅಧ್ಯಕ್ಷೆ ಕೈ ಹಿಡಿದು ಕೂರಿಸಿಕೊಂಡು ಪ್ರೀತಿಯಿಂದಲೇ ಹೇಳಿದಳು: "ಪೌಡರು ಹಾಕೋ ಕೈಯೇ ಹೋಯ್ತಲ್ಲ ತಾಯಿ. ಇನ್ನೊಬ್ಬ ಮೇಡಂ ಹತ್ರ ಮೊದಲಿಂದ ಶುರು ಮಾಡು."

ಮೊದಲಿಂದ ಶುರು ಮಾಡಿದರೆ ವರ್ಷಗಟ್ಟಲೆ ಕೂಲಿಯಿಲ್ಲ. ತಾಯಿ ಅಷ್ಟರಲ್ಲಿ ಹಾಸಿಗೆ ಹಿಡಿದಿದ್ದಳು. ಅರಬಾ ಪೇಟೆಯ ದೊಡ್ಡ ಅಂಗಡಿಯೊಂದಕ್ಕೆ ದಿನಗೂಲಿಗೆ ಸೇರಿದಳು. ಕೂಲಿಯವಳಿಗೆ ಬಿಡುಗಡೆ ಎಂಬುದಿಲ್ಲ.

ಅವಳು ಈಗಲೂ ಅಲ್ಲೇ ಇದ್ದಾಳೆ. ತಲೆ ನರೆತಿದೆ. ಗಿರಾಕಿಗಳು "ಏ ಹುಡುಗಿ, ನಿಮ್ಮ ಮೇಡಂ ಎಲ್ಲಿ?" ಎನ್ನುತ್ತಾರೆ. ಕಲಿಯಲು ಬಂದ ಮಕ್ಕಳಿಗೆ ಕತ್ತಿನ ಪಟ್ಟಿ ಕೂರಿಸುವುದನ್ನು ಅವಳೇ ತಿದ್ದಿ ಕೊಡುತ್ತಾಳೆ. ಅವರ ಬಿಡುಗಡೆಯ ದಿನ ಹಾಡು, ಕುಣಿತ. ಗಾಳಿಯಲ್ಲಿ ತೇಲಿದ ಪೌಡರು ಮೂಲೆಯಲ್ಲಿರುವ ಅವಳ ಮೆಷಿನ್ನಿನ ಮೇಲೂ ಕೂರುತ್ತದೆ. ಅರಬಾ ಎಣ್ಣೆ ಬಟ್ಟೆ ತೆಗೆದುಕೊಂಡು ಅದನ್ನು ಒರೆಸುತ್ತಾಳೆ.