ತಿಪ್ಪಮ್ಮ ಟವೆಲ್ ಬೇಡವೆಂದ ದಿನ

ಹೋಬಳಿಯಲ್ಲಿ ತಾನು ಹಿಡಿಯದ ಕೈಯೇ ಇಲ್ಲ ಎಂದು ದಲ್ಲಾಳಿ ಈರಬಸಪ್ಪ ಜಂಬ ಕೊಚ್ಚುತ್ತಿದ್ದ. ಶ್ರೀರಾಂಪುರದ ಸುತ್ತ ಮೊದಲು ಕುರಿ, ಆಮೇಲೆ ಸೈಟು, ಎಲ್ಲ ವ್ಯಾಪಾರವೂ ಅವನ ಟವೆಲ್ ಕೆಳಗೇ ಮುಗಿಯುತ್ತಿತ್ತು. ಕೊಳ್ಳುವವನ ಕೈ ಹಿಡಿದು, ಮೇಲೆ ಟವೆಲ್ ಹೊದಿಸಿ, ಬೆರಳು ಒತ್ತಿ ದರ ಹೇಳುವುದು ಅವನ ರೀತಿ. ಪಕ್ಕದಲ್ಲಿ ಕೂತವನಿಗೂ ತಿಳಿಯದು. ನಾಳೆ ಯಾರಾದರೂ ಜಗಳಕ್ಕೆ ಬಂದರೆ ಬೆರಳು ಬಂದು ಸಾಕ್ಷಿ ಹೇಳುತ್ತದೆಯೇ?

ಇಂಥ ಪಾಕಡಾ ಆಸಾಮಿಯನ್ನು ದಂಗುಬಡಿಸಿದವಳು ಅವನಿಗೆ ದೂರದ ಸಂಬಂಧದಲ್ಲಿ ಅತ್ತೆಯಾಗಬೇಕಾದ ತಿಪ್ಪಮ್ಮ. ಹರೆಯವೆಲ್ಲ ಕುರಿ ಹಿಂಡಿನ ಹಿಂದೆ ಊರೂರು ಅಲೆದವಳು, ಈಗ ಎಪ್ಪತ್ತರ ಹತ್ತಿರ. ರಸ್ತೆ ಬದಿಯ ಹೊಲವನ್ನು ಎಂಟು ಸೈಟು ಮಾಡಿಸಿ, ಒಂದೊಂದಕ್ಕೆ ನಾಲ್ಕೂವರೆ ಲಕ್ಷದಂತೆ ಮಾರಲು ಅವನಿಗೆ ಒಪ್ಪಿಸಿದ್ದಳು. ಏಳಕ್ಕೆ ಅಡ್ವಾನ್ಸ್ ಬಂದಿತ್ತು.

ಎಂಟನೆಯದನ್ನು ಕೇಳಲು ಬಂದವನು ದಲಿತ ಕಾಲೋನಿಯ ಓಬಳೇಶ್, ಬಸ್ ಕಂಡಕ್ಟರ್. ಚಹಾ ಅಂಗಡಿಯ ಮುಂದೆ ಕೂತಿದ್ದ ಈರಬಸಪ್ಪ ಟವೆಲ್ ಮುಟ್ಟಲಿಲ್ಲ. ದೂರದಿಂದಲೇ, "ಆರೂವರೆ ಆಗ್ತೈತೆ ಕಣಪ್ಪ" ಎಂದ. ಕೊಡುವುದಿಲ್ಲ ಎಂದು ಬಾಯಿ ಬಿಟ್ಟು ಹೇಳುವ ಗೋಜೇ ಇಲ್ಲ, ದರ ಕೇಳಿದವನು ತಾನಾಗಿ ಹೋಗುತ್ತಾನೆ. ಬೆಂಕಿ ಬೀಳಲಿ ಇಂಥ ಜಾಣತನಕ್ಕೆ!

ಓಬಳೇಶ್ ಮರುದಿನ ತಿಪ್ಪಮ್ಮನ ಮನೆಗೆ ಹೋದ. "ಈರಬಸಪ್ಪ ಟವೆಲ್ ಹಾಕ್ದೆ ದೂರದಿಂದ್ಲೇ ಆರೂವರೆ ಅಂದ ಕಣಮ್ಮ. ಜಾತಿ ನೋಡಿ ರೇಟ್ ಏರ್ಸಿದ್ರೆ ಕೇಸ್ ಹಾಕ್‌ಬೋದು ಅಂದ್ರು ವಕೀಲ್ರು. ನನಗೆ ಕೇಸ್ ಬ್ಯಾಡಮ್ಮ, ಸೈಟ್ ಬೇಕು. ಮಕ್ಕಳು ಸ್ಕೂಲ್ ಹತ್ರ ಬೆಳೀಲಿ ಅಂತ ಆಸೆ" ಎಂದ.

ತಿಪ್ಪಮ್ಮ ಅವನನ್ನು ಕರೆದುಕೊಂಡು ಈರಬಸಪ್ಪ ಕೂರುವ ಚಹಾ ಅಂಗಡಿಗೇ ಬಂದಳು.

"ಎಲ್ಲರಿಗೂ ಬೆರಳಲ್ಲಿ ಹೇಳ್ದೋನು ಇವನಿಗ್ಯಾಕಲೇ ಬಾಯಲ್ಲಿ ಹೇಳ್ದೆ?"

ಈರಬಸಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡ.

"ಕೈ ಮುಟ್ಬೇಕಾಗ್ತೈತೆ ಅಂತ, ಹೌದಿಲ್ಲೋ? ಹೆಣ್ಣಿನ ಕೈ ಹಿಡಿಯೋ ಹಂಗಿಲ್ಲ ಅಂತ ಕುರಿ ಸಂತೇಲಿ ನಿಮ್ಮಪ್ಪ ನನಗೂ ದೂರದಿಂದ್ಲೇ ಕೂಗ್ತಿದ್ದ. ನನ್ನ ಕುರಿಗೆ ಕೂಗಿದ್ದು ಯಾವಾಗ್ಲೂ ಕಮ್ಮಿ ರೇಟೇ. ನೋಡಿ ನೋಡಿ ಬೆರಳಿನ ಲೆಕ್ಕ ನಾನೇ ಕಲಿತೆ."

ಪಕ್ಕದ ಸೈಟಿಗೆ ಅಡ್ವಾನ್ಸ್ ಕೊಟ್ಟಿದ್ದ ಹನುಮಂತಪ್ಪ ಲೋಟ ಕೆಳಗಿಟ್ಟ. "ಅವನಿಗೆ ಕೊಟ್ರೆ ನನ್ನ ದುಡ್ಡು ವಾಪಸ್ ಕೊಡವ್ವ."

ತಿಪ್ಪಮ್ಮನ ಮುಖ ಕಪ್ಪಿಟ್ಟಿತು. ಆ ದುಡ್ಡು ಆಗಲೇ ಅವಳ ಮನೆಯ ತಳಪಾಯಕ್ಕೆ ಹೋಗಿತ್ತು. ಅವಳಿಗೆ ಉಳಿದದ್ದು ಹಟ್ಟಿಯಲ್ಲಿದ್ದ ಕುರಿಗಳಷ್ಟೇ.

"ಕುರಿ ಮಾರಿ ಕೊಡ್ತೀನಿ, ಸೋಮವಾರ ಬಾರಪ್ಪ" ಎಂದಳು. ಎಂದವಳೇ ಓಬಳೇಶನ ಕೈಯನ್ನು ಎಲ್ಲರೆದುರು ಹಿಡಿದಳು. ನಾಲ್ಕು ಬೆರಳು ಒತ್ತಿ, ಐದನೆಯದನ್ನು ಅರ್ಧಕ್ಕೆ ಮಡಿಸಿದಳು. "ನಾಲ್ಕೂವರೆ. ಎಲ್ಲರಿಗೂ ಇದೇ. ಕೇಳ್ಕಳ್ರಿ!"

ಈರಬಸಪ್ಪನಿಗೆ ಮೈ ಜುಂ ಎಂದಿತು. ಇಪ್ಪತ್ತು ವರ್ಷ ದಲ್ಲಾಳಿತನ ಮಾಡಿದರೂ ದರವೊಂದು ಹೀಗೆ ಬಿಸಿಲಿಗೆ ಬಂದು ನಿಂತದ್ದನ್ನು ಅವನು ಕಂಡಿರಲಿಲ್ಲ. ಕುರಿಯ ಹಿಂದೆ ತಿರುಗಿದ ಈ ಮುದುಕಿ ಎಷ್ಟು ಎತ್ತರದವಳು ಎಂದು ಬೆರಗಿನಿಂದ ನೋಡುತ್ತಲೇ ಕೂತ.

"ಈಗ ನೀನು ಹಿಡಿ, ವ್ಯಾಪಾರ ಮುಗಿಸು" ಎಂದಳು ತಿಪ್ಪಮ್ಮ.

ಅವನ ಕೈ ಅಭ್ಯಾಸಬಲದಿಂದ ಹೆಗಲಿಗೆ ಹೋಯಿತು.

"ಟವೆಲ್ ಬ್ಯಾಡ."

ಈರಬಸಪ್ಪ ಎದ್ದು ಓಬಳೇಶನ ಕೈ ಹಿಡಿದ. ಇಬ್ಬರೂ ಒಂದೇ ಶಾಲೆಯಲ್ಲಿ, ಒಂದೇ ತರಗತಿಯಲ್ಲಿ ಓದಿದವರು. ಆ ಅಂಗೈಯಲ್ಲಿ ಹಳೆಯ ಗಾಯದ ಗೆರೆಯೊಂದು ಇರುವುದು ಅವನಿಗೆ ಗೊತ್ತಾದದ್ದು ಅವತ್ತೇ. ಹಿಡಿಯದ ಕೈಯೇ ಇಲ್ಲ ಎಂಬ ಜಂಬವನ್ನು ಆಮೇಲೆ ಅವನ ಬಾಯಲ್ಲಿ ಯಾರೂ ಕೇಳಲಿಲ್ಲ.