ಕರಡೆಪ್ಪನ ಪಾಲು

ಕೊಪ್ಪಳದ ನಮ್ಮ ಓಣಿಗೆ ಸೀತಾಫಲ ಮಾರಲು ಬರುತ್ತಿದ್ದ ಅಜ್ಜಿ, ಬುಟ್ಟಿ ಇಳಿಸಿ, ತಲೆಯ ಸಿಂಬಿ ಜಾಡಿಸಿದ ಮೇಲೆಯೇ ಮಾತಾಡುತ್ತಿದ್ದಳು. ನಾನು ಹಣ್ಣು ಒತ್ತಿ ನೋಡಿದರೆ ಕೈಗೆ ಮೆಲ್ಲಗೆ ಹೊಡೆಯುತ್ತಿದ್ದಳು.

“ಇಷ್ಟ ತಂದೀಯೇನಬೇ, ಇನ್ನಷ್ಟ ತರಬಾರದ?” ಎಂದರೆ ಯಾವಾಗಲೂ ಒಂದೇ ಉತ್ತರ: “ಗುಡ್ಡದ ಮ್ಯಾಲಿನ್ವು ಕರಡೆಪ್ಪನ ಪಾಲ್ರೀ ಅಕ್ಕಾರ.”

ಒಂದು ವರ್ಷ ಯಾರೋ ವ್ಯಾಪಾರಿ ಟೆಂಪೋ ತಂದು ಅಜ್ಜಿಯ ಊರ ಗುಡ್ಡದ ಹಣ್ಣನ್ನೆಲ್ಲ ಬಳಿದುಕೊಂಡು ಹೋದ. ಹಸಿದ ಕರಡಿ, ಅಂದರೆ ಅಜ್ಜಿಯ ಕರಡೆಪ್ಪ, ಶೇಂಗಾ ಹೊಲಕ್ಕಿಳಿಯಿತು. ಅದನ್ನು ಕೊಂದೇಬಿಡುತ್ತೇವೆಂದು ಊರವರು ಬಡಿಗೆ ಹಿಡಿದು ಕಾದರು.

ಮರುದಿನ ಅಜ್ಜಿ ಖಾಲಿ ಬುಟ್ಟಿ ಹೊತ್ತು ಬಂದಳು. ತನ್ನ ಹೊಲದ ಬದುವಿನ ಹಣ್ಣನ್ನೆಲ್ಲ ಕಿತ್ತು ಗುಡ್ಡದ ಮೇಲೆ ಸುರಿದಿದ್ದಳಂತೆ. ಕರಡಿ ಅಲ್ಲೇ ತಿಂದು, ಕೆಳಗಿಳಿಯಲಿಲ್ಲವಂತೆ.

“ನಿನ್ನ ವ್ಯಾಪಾರ ಹೋತಲ್ಲಬೇ?” ಎಂದೆ.

ಸಿಂಬಿ ಜಾಡಿಸುತ್ತ ನಕ್ಕಳು. “ಭಾಳ ಛಲೋ ಗಿರಾಕಿರೀ ಅಂವ. ನಿಮ್ಹಂಗ ಒತ್ತಿ ಒತ್ತಿ ನೋಡೂದಿಲ್ಲ.”