ನೋಡುವುದನ್ನು ಕಲಿಸಿದ ಮೇಡಂ

ಕಳೆದ ವಾರ ಮನೆಗೆ ಸುಣ್ಣ ಹೊಡೆಸುವಾಗ ಹಳೆಯ ಟ್ರಂಕಿನಲ್ಲಿ ಹಳದಿಗಟ್ಟಿದ ಹಾಳೆಗಳ ಒಂದು ಕಟ್ಟು ಸಿಕ್ಕಿತು. ಬಿಚ್ಚಿದ ಕೂಡಲೇ ಸೈಕ್ಲೋಸ್ಟೈಲ್ ಮಸಿಯ ವಾಸನೆ... ನಲವತ್ತು ವರ್ಷವಾದರೂ ಅದು ಪೂರ್ತಿ ಹೋಗಿರಲಿಲ್ಲ. ಪ್ರತಿ ಹಾಳೆಯಲ್ಲೂ ಎರಡೇ ಕಾಲಂ: ‘ಸಮಯ’, ‘ಕಂಡದ್ದು’. ಅನಿಸಿದ್ದನ್ನು ಬರೆಯಲು ನಮ್ಮ ಮೇಡಂ ಜಾಗವನ್ನೇ ಬಿಟ್ಟಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ದೇವದುರ್ಗದಿಂದ ರಾಯಚೂರಿಗೆ ಬಂದು ಶಿಕ್ಷಕರ ತರಬೇತಿಗೆ ಸೇರಿದ್ದೆ. ಮೇಡಂ ಅಲ್ಲಿ ನಮಗೆ ಮನೋವಿಜ್ಞಾನ ಕಲಿಸುತ್ತಿದ್ದರು. ಅರಕೇರಾದ ಕೂಲಿ ಮನೆತನದವರು; ಆ ಮನೆಯಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲಿ ಅವರೇ ಮೊದಲಿಗರು. ಸಣ್ಣ ಮೈಕಟ್ಟು, ನೂಲಿನ ಸೀರೆ, ಎಡಗೈಗೆ ಗಂಡಸರ ದೊಡ್ಡ ಗಡಿಯಾರ. ಪಾಠವನ್ನು ಪುಸ್ತಕದ ಕನ್ನಡದಲ್ಲೇ ಹೇಳುತ್ತಿದ್ದರು. ಮಾತು ಮನಸ್ಸಿಗೆ ನಾಟಬೇಕೆಂದಾಗ ಮಾತ್ರ ನಾಲಗೆ ಊರಿಗೆ ಮರಳುತ್ತಿತ್ತು.

ಬೋಧನೆಯ ಅಭ್ಯಾಸಕ್ಕೆಂದು ನಮ್ಮನ್ನು ಒಂದು ತಿಂಗಳು ಮಾನ್ವಿಯ ಶಾಲೆಯೊಂದಕ್ಕೆ ಕಳಿಸಿದರು. ಪಾಠ ಮಾಡುವುದಲ್ಲದೆ, ಒಬ್ಬೊಬ್ಬರೂ ಒಂದೊಂದು ಮಗುವನ್ನು ದಿನಕ್ಕೆ ಅರ್ಧ ತಾಸು ಸುಮ್ಮನೆ ಕೂತು ಗಮನಿಸಿ ಬರೆಯಬೇಕಿತ್ತು. ನನ್ನ ಪಾಲಿಗೆ ಬಂದವಳು ಮೂರನೇ ತರಗತಿಯ ಶಮೀನಾ, ಬಳೆ ಮಾರುವವರ ಮಗಳು. ಮನೆಮಾತು ದಖ್ಖನಿ ಉರ್ದು. ಏನು ಕೇಳಿದರೂ ಮೌನ. ಬುದ್ಧಿ ಕಡಿಮೆ, ಮತ್ತೆ ಒಂದನೇ ತರಗತಿಯಲ್ಲೇ ಕೂಡಿಸುತ್ತೇನೆ ಎಂದು ಹೆಡ್‌ಮಾಸ್ತರು ಅವಳ ತಂದೆಗೆ ಹೇಳಿಬಿಟ್ಟಿದ್ದರು. ಹಾಗಾದರೆ ಶಾಲೆಯೇ ಬೇಡ ಎಂದಿದ್ದರಂತೆ ತಂದೆ.

ನಾನು ಮೊದಲ ದಿನವೇ ಬರೆದೆ: ‘ಸೋಮಾರಿ. ಹಟಮಾರಿ. ಪಾಠದ ಕಡೆ ಗಮನವಿಲ್ಲ.’ ಶನಿವಾರ ರಾಯಚೂರಿನಿಂದ ಬಸ್ಸಿನಲ್ಲಿ ಬಂದ ಮೇಡಂ ಅದನ್ನು ಓದಿದರು.

“ಸೋಮಾರಿತನ ಎಲ್ಲಿ ಕಂಡಿತವ್ವಾ ನಿನಗ? ಕೈಯಾಗಿತ್ತೇನು, ಕಾಲಾಗಿತ್ತೇನು?”

ತಲೆ ತಗ್ಗಿಸಿಕೊಂಡೇ ಕೂತಿದ್ದಳು ಎಂದೆ.

“ತಲಿ ತಗ್ಗಿಸಿದ್ಳು ಅಂತ ಬರಿ. ಉಳಿದದ್ದು ನಿಂದು, ಆಕಿದಲ್ಲ.”

ಗೆಳತಿಯರ ಎದುರು ಹೀಗಂದರಲ್ಲ ಎಂದು ಸಿಟ್ಟು ಬಂತು. ಆದರೂ ಸೋಮವಾರದಿಂದ ಕಂಡದ್ದನ್ನಷ್ಟೇ ಬರೆಯತೊಡಗಿದೆ. ತುಟಿ ಅಲ್ಲಾಡಿತು, ಸದ್ದು ಬರಲಿಲ್ಲ. ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು; ಪಕ್ಕದವಳು ಎದ್ದು ಸರಿಯುತ್ತರ ಕೊಟ್ಟಳು... ಮಗುವನ್ನು ಅದರ ಪಾಡಿಗೆ ಅದು ಇರುವ ಕಡೆಯೂ ನೋಡಬೇಕು ಎಂದಿದ್ದರು ಮೇಡಂ. ಸಂತೆಯ ದಿನ ಹೋಗಿ ದೂರದಲ್ಲಿ ನಿಂತೆ. ಅಪ್ಪನ ಅಂಗಡಿಯಲ್ಲಿ ಶಮೀನಾ ಒಬ್ಬರ ಜೊತೆ ದಖ್ಖನಿ, ಇನ್ನೊಬ್ಬರ ಜೊತೆ ತೆಲುಗು, ನೀರಮಾನ್ವಿಯ ಹೆಂಗಸಿನ ಜೊತೆ ಕನ್ನಡ ಮಾತಾಡುತ್ತಿದ್ದಳು. ಕೈ ನೋಡಿಯೇ ಅಳತೆಯ ಬಳೆ ತೆಗೆದುಕೊಡುತ್ತಿದ್ದಳು. ನನ್ನನ್ನು ಕಂಡಳು, ಮಾತು ನಿಂತಿತು. ಅದನ್ನೂ ಬರೆದೆ.

ಮೇಡಂ ಮತ್ತೊಂದು ದಿನ ಬಂದು ನನ್ನ ಹಾಳೆಗಳನ್ನು ತೋರಿಸಿದಾಗ ಹೆಡ್‌ಮಾಸ್ತರು ಇದನ್ನೆಲ್ಲ ಒಪ್ಪಲಿಲ್ಲ. “ಇಪ್ಪತ್ತು ವರ್ಷದಿಂದ ಹುಡುಗರನ್ನ ನೋಡಾಕತ್ತೀನ್ರಿ ಮೇಡಂ. ನಿಮ್ಮ ಹಾಳಿ ನನಗೇನು ಹೇಳ್ತದ?”

ಮೇಡಂ ವಾದಕ್ಕೆ ಇಳಿಯಲಿಲ್ಲ. ಅವರ ಕೈಗೂ ಒಂದು ಖಾಲಿ ಹಾಳೆ ಕೊಟ್ಟರು. ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಕೂತು, ಒಬ್ಬರದನ್ನೊಬ್ಬರು ನೋಡದೆ ಬರೆಯೋಣ. ಎರಡೂ ತಾಳೆಯಾದರೆ ಮಾತ್ರ ನಂಬಿರಿ ಎಂದರು. ಹೆಡ್‌ಮಾಸ್ತರು ನಕ್ಕು ಹಾಳೆ ತೆಗೆದುಕೊಂಡರು. ಅವತ್ತು ಪಾಠ ನನ್ನದು.

ಆಮೇಲೆ ಎರಡೂ ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆವು. ಹೆಚ್ಚುಕಡಿಮೆ ಒಂದೇ. ಹೆಡ್‌ಮಾಸ್ತರು ತಾವು ಬರೆದದ್ದನ್ನು ತಾವೇ ಓದಿದರು: ಟೀಚರ್ ಪ್ರಶ್ನೆ ಕೇಳಿದರು, ಹುಡುಗಿ ಎದ್ದಳು, ಬಾಯಿ ತೆರೆದಳು, ಟೀಚರ್ ಮುಂದಿನವರನ್ನು ಕೇಳಿದರು. ಮೂರು ಸಲವೂ ಹೀಗೇ ಇತ್ತು. ಮೂರನೆಯದಕ್ಕೆ ಬರುವಾಗ ಅವರ ದನಿ ಇಳಿದಿತ್ತು. ಮೇಡಂ ತಮ್ಮ ಹಾಳೆಯಲ್ಲಿ ಗಡಿಯಾರ ನೋಡಿ ಗುರುತು ಹಾಕಿದ್ದರು: ಎರಡು ಸೆಕೆಂಡು, ಮೂರು ಸೆಕೆಂಡು, ಎರಡು ಸೆಕೆಂಡು. ಅವಳಿಗೆ ನಾನು ಕೊಟ್ಟಿದ್ದ ಸಮಯ ಅಷ್ಟೇ.

ನನ್ನ ಮುಖ ಉರಿಯಿತು. ಇಷ್ಟು ದಿನ ನಾನು ಹುಡುಗಿಯನ್ನು ನೋಡುತ್ತಿದ್ದೆ, ನನ್ನನ್ನು ನೋಡಿಕೊಂಡಿರಲಿಲ್ಲ.

“ನಾನೂ ಹಿಂಗ ಮಾಡ್ತಿದ್ನೇನೋ,” ಎಂದರು ಹೆಡ್‌ಮಾಸ್ತರು, ಯಾರೂ ಕೇಳದಿದ್ದರೂ.

ಮರುದಿನ ಶಮೀನಾಳನ್ನು ಎಬ್ಬಿಸಿ ಪ್ರಶ್ನೆ ಕೇಳಿದೆ. ಮನಸ್ಸಿನಲ್ಲೇ ಎಣಿಸುತ್ತಾ ನಿಂತೆ. ಒಂಬತ್ತಕ್ಕೆ ಉತ್ತರ ಬಂತು. ಒಂದೊಂದೇ ಪದ, ತಡೆದು ತಡೆದು... ಆದರೆ ಸರಿಯಾಗಿ. ಇಡೀ ತರಗತಿ ಅವಳ ಕಡೆ ತಿರುಗಿತು. ರಾತ್ರಿ ಮಾನ್ವಿಯಲ್ಲೇ ಉಳಿದಿದ್ದ ಮೇಡಂ ಹಿಂದೆ ಕೂತು ತಲೆ ಎತ್ತದೆ ಬರೆಯುತ್ತಿದ್ದರು. ಆಮೇಲೆ ಆ ಹಾಳೆ ನೋಡಿದೆ: ‘ಶಿಕ್ಷಕಿ ಕಾದಳು. ಮಗು ಮಾತಾಡಿತು.’ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಶಮೀನಾಳನ್ನು ನಾಲ್ಕನೇ ತರಗತಿಗೆ ಕಳಿಸಿದರು. ಏಳನೆಯದನ್ನು ಪಾಸು ಮಾಡಿದಳೆಂದು ಕೇಳಿದ್ದೆ. ಮುಂದಿನದು ಗೊತ್ತಿಲ್ಲ.

ನಾನು ಮಟಮಾರಿಯಲ್ಲಿ, ಸುತ್ತಲ ಊರುಗಳಲ್ಲಿ ಮೂವತ್ತು ವರ್ಷ ಪಾಠ ಹೇಳಿದೆ. ಮೇಡಂ ಅವರನ್ನು ಒಮ್ಮೆ ಕಾಣಬೇಕು ಎಂದುಕೊಳ್ಳುತ್ತಲೇ ಇದ್ದೆ... ನಿವೃತ್ತಿಯಾದ ಮೇಲೆ ರಾಯಚೂರಿನ ಅವರ ಮನೆ ಹುಡುಕಿಕೊಂಡು ಹೋದರೆ ಗೋಡೆಯ ಮೇಲೆ ಹಾರ ಹಾಕಿದ ಪಟವಿತ್ತು. ಮೇಡಂ ಅವರ ತಂಗಿ ಚಹಾ ಕೊಟ್ಟರು. ಕೊನೆಯ ವರ್ಷಗಳಲ್ಲಿ ಅಕ್ಕ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಓಣಿಯ ಮಕ್ಕಳನ್ನೇ ನೋಡುತ್ತಿದ್ದರಂತೆ.

“ಆ ಹುಡುಗ ಹೆಂಗರೀ ಅಂತ ಯಾರರೆ ಕೇಳಿದ್ರ, ಇನ್ನೂ ನೋಡಾಕತ್ತೀನಿ ಅಂತಿದ್ಳು ನಮ್ಮಕ್ಕ.”

ನಾನು ಅವರ ವಿದ್ಯಾರ್ಥಿನಿ ಎಂದು ಆ ತಂಗಿಗೆ ಎರಡೆರಡು ಸಲ ಹೆಮ್ಮೆಯಿಂದ ಹೇಳಿದೆ. ಕೇಳಬೇಕಾದವರೇ ಇರಲಿಲ್ಲ.